ಊನೋದರವೂ ದೂರವಾಣಿಯೂ

ಬಾಹ್ಯ ತಪಸ್ಸುಗಳು ಆರು. ಅವುಗಳಲ್ಲಿ ಮೊದಲನೆಯದಾದ ಅನಶನಕ್ಕೆ ನಮ್ಮ ಸಮಾಜದಲ್ಲಿ ದೊರೆಯುವ ಗೌರವವು ಎರಡನೆಯದಾದ ಅವಮೌದರ್ಯಕ್ಕೆ, ಅರ್ಥಾತ್ ಊನೋದರಕ್ಕೆ, ಎಂದೂ ದೊರೆತದ್ದಿಲ್ಲ. ದಶಲಕ್ಷಣ ಪರ್ವದ ಹತ್ತು ದಿನವೂ ಉಪವಾಸವಿದ್ದ ಶ್ರಾವಕ ಶ್ರಾವಿಕೆಯರನ್ನು ವಾದ್ಯದೊಡನೆ ಮೆರವಣಿಗೆಯಲ್ಲಿ ಕರೆತರುತ್ತೇವೆ. ಹಾರ ಹಾಕಿ ಶಾಲು ಹೊದಿಸುತ್ತೇವೆ. ಅದು ಯೋಗ್ಯವೇ ಸರಿ. ಆದರೆ ತುಪ್ಪ ಹಾಕಿದ ಹೋಳಿಗೆ ಎಲೆಯ ಮೇಲಿರುವಾಗ, ಬಡಿಸುವವರು ಒತ್ತಾಯ ಮಾಡುತ್ತಿರುವಾಗ, ಹಸಿವೆ ಇನ್ನೂ ಸ್ವಲ್ಪ ಉಳಿದಿರುವಂತೆಯೇ ಕೈ ತೊಳೆದು ಎದ್ದವನ ತಪಸ್ಸಿಗೆ ಸಾಕ್ಷಿಗಳಿಲ್ಲ. ಮರುದಿನವೂ ಅವನು ಹಾಗೆಯೇ ಏಳಬೇಕು; ಅದರ ಮರುದಿನವೂ. ಉಪವಾಸಕ್ಕೆ ಪಾರಣೆಯೆಂಬ ಕೊನೆಯುಂಟು, ಊನೋದರಕ್ಕೆ ಇಲ್ಲ. ಗೃಹಸ್ಥನಿಗೆ ಎರಡನೆಯದೇ ಹೆಚ್ಚು ಕಠಿಣ, ಮತ್ತು ಒಬ್ಬಂಟಿಯಾಗಿ ನಡೆಸಿಕೊಂಡು ಹೋಗಲು ಬಹುತೇಕ ಅಸಾಧ್ಯ ಎಂಬುದು ನನ್ನ ಅಭಿಪ್ರಾಯ.

ಪುರುಷನ ಸ್ವಾಭಾವಿಕ ಆಹಾರ 32 ತುತ್ತು, ಸ್ತ್ರೀಯದು 28 ತುತ್ತು ಎಂದು ಮೂಲಾಚಾರದಲ್ಲಿ ಹೇಳಿದೆ. ಅದರಲ್ಲಿ ಒಂದೇ ತುತ್ತು ಕಡಿಮೆಯಾದರೂ ಅವಮೌದರ್ಯದ ಲೆಕ್ಕಕ್ಕೆ ಬರುತ್ತದೆ. ತುತ್ತೆಂದರೆ ಸಾವಿರ ಅಕ್ಕಿಕಾಳಿನ ಪ್ರಮಾಣ ಎಂಬುದು ಟೀಕಾಕಾರರ ವಿವರಣೆ. ವ್ಯಾಪಾರಿಯ ಸ್ವಭಾವಕ್ಕನುಸಾರವಾಗಿ ನಾನು ಒಂದು ಮಧ್ಯಾಹ್ನ ಅಂಗಡಿಯಲ್ಲಿ ಸಾವಿರ ಕಾಳು ಎಣಿಸಿ ತೂಗಿ ನೋಡಿದೆ. ಸುಮಾರು 16 ಗ್ರಾಂ ಬಂದಿತು. 32 ತುತ್ತಿಗೆ ಅರ್ಧ ಕಿಲೋ ಮೀರುತ್ತದೆ. ಇಷ್ಟು ಅವಕಾಶವಿದೆಯೇ ಎಂದು ಯಾರಾದರೂ ಸಂತೋಷಪಡುವ ಮೊದಲು, ಇದು ದಿನಕ್ಕೆ ಒಂದೇ ಸಲ ಆಹಾರ ಸ್ವೀಕರಿಸಿ ಬರಿಗಾಲಿನಲ್ಲಿ ಊರಿಂದೂರಿಗೆ ವಿಹಾರ ಮಾಡುವವರ ಲೆಕ್ಕ ಎಂಬುದನ್ನು ನೆನೆಯಬೇಕು. ಗಾದಿಯ ಮೇಲೆ ಕುಳಿತು ಹತ್ತು ತಾಸು ಲೆಕ್ಕ ಬರೆಯುವವರ ತುತ್ತುಗಳನ್ನು ಆಚಾರ್ಯರು ಎಣಿಸಲಿಲ್ಲ.

ಚಿಂಚಲಿಯ ಸುತ್ತಲಿನದು ಕಬ್ಬಿನ ಸೀಮೆ. 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾದ ಬಳಿಕ ಈ ಭಾಗದಲ್ಲಿ ಕಾರಖಾನೆಗಳು ಒಂದರ ಹಿಂದೊಂದು ಬಂದವು. ನಮ್ಮವರಲ್ಲಿ ಬಹುಪಾಲು ಒಕ್ಕಲುತನದವರು. ಹಿಂದಿನವರು ಮೂರು ಜೋಳದ ರೊಟ್ಟಿ ತಿಂದು ಎತ್ತಿನ ಹಿಂದೆ ದಿನವಿಡೀ ನಡೆಯುತ್ತಿದ್ದರು. ಇಂದು ಟ್ರ್ಯಾಕ್ಟರು ಉಳುತ್ತದೆ, ಮೋಟರ್ ಸೈಕಲ್ಲು ಹೊಲಕ್ಕೆ ಒಯ್ಯುತ್ತದೆ. ರೊಟ್ಟಿ ಮಾತ್ರ ಮೂರೇ ಉಳಿದಿವೆ, ಅವುಗಳ ಜೊತೆಗೆ ಚಹಾ ಸೇರಿದೆ. ಪೇಟೆಯ ಚಹಾದ ಲೆಕ್ಕ ಹೀಗೆ: ಬಂದ ಗಿರಾಕಿಗೊಮ್ಮೆ, ದಲಾಲಿಗೊಮ್ಮೆ ಎಂದು ದಿನಕ್ಕೆ ಎಂಟು ಕಪ್ಪು, ಕಪ್ಪಿಗೆ ಎರಡು ಚಮಚ, ಚಮಚಕ್ಕೆ ಐದು ಗ್ರಾಂ. ತಿಂಗಳಿಗೆ 2 ಕಿಲೋ 400 ಗ್ರಾಂ ಸಕ್ಕರೆಯನ್ನು ಒಬ್ಬನು ಊಟವೆಂದು ಎಣಿಸದೆಯೇ ಹೊಟ್ಟೆಗಿಳಿಸುತ್ತಾನೆ.

ಇಂಥ ಒಬ್ಬನ ಅಂಗಡಿಗೆ ಆಶಾ ಕಾರ್ಯಕರ್ತೆಯು ಒಂದು ಪತ್ರಿಕೆ ಮತ್ತು ಅಳತೆಯ ಪಟ್ಟಿ ಹಿಡಿದುಕೊಂಡು ಬಂದಳು. ಮೂವತ್ತು ವರ್ಷ ದಾಟಿದ ಎಲ್ಲರದೂ ಈ ಪತ್ರಿಕೆಯನ್ನು ತುಂಬಬೇಕೆಂದು ಸರಕಾರದ ನಿಯಮ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ವಾರದ ವ್ಯಾಯಾಮ, ಮನೆತನದ ರೋಗ ಎಂದು ಆರು ಪ್ರಶ್ನೆಗಳಿಗೆ ಅಂಕಗಳಿವೆ. ನಾಲ್ಕು ಮೀರಿದರೆ ತಪಾಸಣೆಗೆ ಮೊದಲು ಹೋಗಬೇಕು. ಸೊಂಟದ ಸುತ್ತಳತೆಯು ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರಿನೊಳಗೆ ಇದ್ದರೆ ಸೊನ್ನೆ. ನನ್ನದು 104 ಇತ್ತು. ತೂಕ 88 ಕಿಲೋ. ರಕ್ತದೊತ್ತಡಕ್ಕೆ ಗುಳಿಗೆ ಆರಂಭವಾಯಿತು.

ಇಲ್ಲಿ ಒಂದು ಮಾತು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ಅಂದರೆ ಕೊಡುವಾಗ ಒಂದು ತೂಕ, ಕೊಳ್ಳುವಾಗ ಒಂದು ತೂಕ. ಆ ದೋಷ ತಗುಲಬಾರದೆಂದು ತಕ್ಕಡಿ ಕಲ್ಲುಗಳಿಗೆ ತಪ್ಪದೆ ಮುದ್ರೆ ಹಾಕಿಸಿಕೊಳ್ಳುವ ನಾವು, ಅದೇ ಅಂಗಡಿಯ ಚೀಲ ತೂಗುವ ಕಾಟಾದ ಮೇಲೆ ಸ್ವತಃ ಹತ್ತಿ ನಿಲ್ಲಲು ಸಂಕೋಚಪಡುತ್ತೇವೆ.

ಔಷಧ ಒಯ್ಯಲು ತಿಂಗಳಿಗೊಮ್ಮೆ ಬಾರದವರಿಗೆ ದೂರವಾಣಿ ಮಾಡಿ ಕೇಳುವುದು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯ ಕೆಲಸಗಳಲ್ಲೊಂದು. ನಮ್ಮಲ್ಲಿರುವಾಕೆ ನನ್ನ ಮೊಮ್ಮಗಳ ವಯಸ್ಸಿನ ಹೆಣ್ಣುಮಗಳು. ಗುಳಿಗೆಯ ವಿಚಾರ ಕೇಳಲು ಹೇಗೂ ಕರೆ ಮಾಡುವಿರಿ, ಜೊತೆಗೆ ತೂಕವನ್ನೂ ಕೇಳುವಿರಾ ಎಂದು ವಿನಂತಿಸಿದೆ. ಒಪ್ಪಿದಳು. ಇದು ಯಾವ ಯೋಜನೆಯ ಹೆಸರಿನಲ್ಲೂ ಇಲ್ಲ, ಮಾತಿನಿಂದ ಮಾತಿಗೆ ಬೆಳೆದದ್ದು. ಮೊದಲ ಮೂರು ತಿಂಗಳು ಪ್ರತಿ ಮಂಗಳವಾರ, ಗಿರಾಕಿ ಕಡಿಮೆಯಿರುವ ಮಧ್ಯಾಹ್ನದ ಹೊತ್ತು. ಅನಂತರ ಹದಿನೈದು ದಿನಕ್ಕೊಮ್ಮೆ. ನಾಲ್ಕು ನಿಮಿಷ ಮೀರಿದ್ದು ಅಪರೂಪ. "ಕಾಕಾರ, ಈ ವಾರ ಎಷ್ಟ ದಿವಸ ನಡದ್ರಿ? ಚಹಾ ಎಷ್ಟಕ್ಕ ಬಂತ್ರಿ?" ಇಷ್ಟೇ. ಮದುವೆಯ ಹಂಗಾಮಿನಲ್ಲಿ ಮಾತ್ರ ಒಂದು ಪ್ರಶ್ನೆ ಹೆಚ್ಚು: "ಮುಂದಿನ ವಾರ ಎಷ್ಟ ಲಗ್ನದಾವ್ರಿ?" ಆದದ್ದನ್ನು ಕೇಳುವುದಕ್ಕಿಂತ ಆಗಲಿರುವುದನ್ನು ಕೇಳುವುದರಲ್ಲಿ ಹೆಚ್ಚು ಜಾಣತನವಿದೆ. ಮೂರು ಲಗ್ನವಿದ್ದರೆ ಯಾವುದರಲ್ಲಿ ಊಟ ಮಾಡುವುದು, ಯಾವುದರಲ್ಲಿ ಅಕ್ಷತೆ ಹಾಕಿ ಬರುವುದು ಎಂಬುದು ಆ ಕರೆಯಲ್ಲಿಯೇ ತೀರ್ಮಾನವಾಗುತ್ತಿತ್ತು.

ನಾನು ವ್ಯಾಪಾರಕ್ಕಿಳಿದ ಕಾಲದಲ್ಲಿ ದೂರವಾಣಿಯೆಂದರೆ ಸಾಂಗಲಿ, ಕೊಲ್ಲಾಪುರಗಳ ಪೇಟೆಯ ಧಾರಣೆ ತಿಳಿಯುವ ಸಾಧನ. ಟ್ರಂಕ್ ಕಾಲ್ ಹಚ್ಚಿ ಬೆಲ್ಲದ ಭಾವ ಕೇಳಲು ಅರ್ಧ ದಿನ ಕಾಯುತ್ತಿದ್ದೆವು. ಅದೇ ಯಂತ್ರವು ಆತ್ಮಸಂಯಮಕ್ಕೂ ಉಪಕಾರಿಯಾದೀತೆಂದು ಆಗ ಯಾರು ತಿಳಿದಿದ್ದರು!

ಈ ಉಪಕಾರದ ಸ್ವರೂಪವೇನು? ಆಕೆ ಹೇಳಿದ್ದರಲ್ಲಿ ನನಗೆ ತಿಳಿಯದ್ದು ಅತ್ಯಲ್ಪ. ಸಕ್ಕರೆ ಕಡಿಮೆ ಮಾಡಬೇಕು, ನಡೆಯಬೇಕು ಎಂಬುದನ್ನು ಅರಿಯದವರು ಯಾರಿದ್ದಾರೆ? ಆದ್ದರಿಂದ ಇದು ಜ್ಞಾನದಾನವಲ್ಲ. ನಮ್ಮ ಪರಿಭಾಷೆಯಲ್ಲಿ ಇದಕ್ಕೆ ಸರಿಯಾದ ಹೆಸರು ಸ್ಥಿತಿಕರಣ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ ಎಂಬ ಮೂರು ಒಂದರ ಪಕ್ಕಕ್ಕೊಂದು ಬರುತ್ತವೆ. ಪರರ ದೋಷವನ್ನು ಬಯಲಿಗೆ ಎಳೆಯದಿರುವುದು, ಜಾರುತ್ತಿರುವವನನ್ನು ಮತ್ತೆ ನಿಲ್ಲಿಸುವುದು, ಇವೆರಡನ್ನೂ ಪ್ರೀತಿಯಿಂದ ಮಾಡುವುದು. ಸ್ಥಿತಿಕರಣಕ್ಕೆ ನಮ್ಮಲ್ಲಿ ವಾರಿಷೇಣ ಮುನಿಯ ಕಥೆ ಪ್ರಸಿದ್ಧವಾಗಿದೆ. ದೀಕ್ಷೆ ಪಡೆದು ಹನ್ನೆರಡು ವರ್ಷವಾದರೂ ಪುಷ್ಪಡಾಲನ ಮನಸ್ಸು ಬಿಟ್ಟುಬಂದ ಹೆಂಡತಿಯಲ್ಲಿಯೇ ಇತ್ತು. ವಾರಿಷೇಣನು ಅವನನ್ನು ಬೈಯಲಿಲ್ಲ, ಸಂಘದ ಎದುರಿಗೆ ನಿಲ್ಲಿಸಲಿಲ್ಲ. ಅವನ ಜೊತೆಯಲ್ಲಿಯೇ ನಡೆದು ತಾನು ತ್ಯಜಿಸಿದ ಅರಮನೆಯನ್ನೂ ರಾಣಿಯರನ್ನೂ ತೋರಿಸಿದನು. ಪುಷ್ಪಡಾಲನು ತಾನಾಗಿಯೇ ತಿಳಿದುಕೊಂಡನು.

ಇದನ್ನು ಪುರಾಣವೆಂದು ಬಿಡಬೇಕಾಗಿಲ್ಲ. ನಮ್ಮ ಪೇಟೆಯ ಒಬ್ಬ ವ್ಯಾಪಾರಿ ಮಿತ್ರರಿಗೆ ಸಕ್ಕರೆ ಕಾಯಿಲೆ. ಅವರ ಹಿರಿಯಣ್ಣನ ಕಾಲನ್ನು ಅದೇ ಕಾಯಿಲೆಯಿಂದ ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಇವರಿಗೂ ಕರೆ ಬರುತ್ತಿತ್ತು. ದೂರವಾಣಿಗೆ ಕಣ್ಣಿಲ್ಲ, ಹೇಳಿದ್ದೇ ತೂಕ. ಅವರು ತಿಂಗಳಿಗೊಂದು ಕಿಲೋದಂತೆ ನಾಲ್ಕು ತಿಂಗಳು ಬಾಯಿಯಲ್ಲಿಯೇ ಇಳಿಸಿದರು. ಐದನೆಯ ತಿಂಗಳು ರಕ್ತ ಪರೀಕ್ಷೆಗೆ ಹೋದಾಗ ಕಾಟಾದ ಮೇಲೆ ಹತ್ತಲೇಬೇಕಾಯಿತು. ಮುಳ್ಳು ಮೊದಲಿಗಿಂತ ಒಂದು ಕಿಲೋ ಮೇಲೆ ನಿಂತಿತು. ಹೊರಗೆ ಬೆಂಚಿನ ಮೇಲೆ ಊರಿನ ಏಳೆಂಟು ಜನ ಕುಳಿತಿದ್ದರು. ಆ ಹೆಣ್ಣುಮಗಳು ಸಂಖ್ಯೆಯನ್ನು ಓದಲಿಲ್ಲ. ಸುಮ್ಮನೆ ಬರೆದುಕೊಂಡು, "ಮಂಗಳವಾರ ಮಾತಾಡೋಣ್ರಿ ಮಾಮಾರ" ಎಂದಳು. ಮಂಗಳವಾರ ಕರೆ ಬಂದಾಗ ಹಿಂದಿನ ಸಂಖ್ಯೆಗಳ ಮಾತೇ ಬರಲಿಲ್ಲವಂತೆ. ಇವತ್ತಿನಿಂದ ಬರೆಯೋಣ ಎಂದಷ್ಟೇ ಹೇಳಿದಳಂತೆ. ಇದನ್ನು ಅವರೇ ನನಗೆ ತಿಳಿಸಿದರು, ಬರೆಯಲು ಅನುಮತಿಯನ್ನೂ ಕೊಟ್ಟರು. ಜಿನೇಂದ್ರಭಕ್ತ ಶ್ರೇಷ್ಠಿಯು ವೈಡೂರ್ಯ ಕದ್ದ ಕಪಟ ಬ್ರಹ್ಮಚಾರಿಯನ್ನು, ನಾನೇ ತರಹೇಳಿದ್ದೆನೆಂದು ಕಾಪಾಡಿದ ಉಪಗೂಹನದ ಕಥೆ ನನಗೆ ಎಳೆಯ ವಯಸ್ಸಿನಿಂದಲೂ ಸ್ವಲ್ಪ ಬಿಗಿಯಾಗಿಯೇ ತೋರುತ್ತಿತ್ತು. ಕಳ್ಳನಿಗೆ ಏಕಿಷ್ಟು ದಯೆ ಎನ್ನಿಸುತ್ತಿತ್ತು. ಈಗ ಅದರ ಅರ್ಥ ಬೇರೆಯಾಗಿ ಕಾಣುತ್ತದೆ. ಅಂದು ಬೆಂಚಿನವರ ಎದುರಿಗೆ ಆ ಸಂಖ್ಯೆ ಹೊರಬಿದ್ದಿದ್ದರೆ ನನ್ನ ಮಿತ್ರರು ಆ ಕೇಂದ್ರದ ಮೆಟ್ಟಿಲನ್ನು ಮತ್ತೆ ಹತ್ತುತ್ತಿರಲಿಲ್ಲ, ಮತ್ತು ಅವರ ಕಾಲುಗಳಿಗೆ ಯಾರು ಹೊಣೆ?

ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. ಅಮೇರಿಕೆಯ ಬಾಲ್ಟಿಮೋರ್ ನಗರದಲ್ಲಿ ಆರು ಪ್ರಾಥಮಿಕ ಚಿಕಿತ್ಸಾಲಯಗಳ 415 ಸ್ಥೂಲಕಾಯರನ್ನು ಎರಡು ವರ್ಷ ನೋಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎದುರು ಕೂಡ್ರಿಸಿಕೊಂಡು ಸಲಹೆ; ಇನ್ನೊಂದಕ್ಕೆ ದೂರವಾಣಿ ಮತ್ತು ಗಣಕಯಂತ್ರದ ಮೂಲಕ ಮಾತ್ರ, ಮೊದಲು ವಾರಕ್ಕೊಮ್ಮೆ, ಬಳಿಕ ತಿಂಗಳಿಗೊಮ್ಮೆ; ಮೂರನೆಯದಕ್ಕೆ ಇಂಥ ಯಾವ ಬೆಂಬಲವೂ ಇಲ್ಲ. ಎರಡು ವರ್ಷದ ಕೊನೆಗೆ ಸರಾಸರಿ ಇಳಿಕೆ ಎದುರು ಮಾತನಾಡಿಸಿದವರಲ್ಲಿ 5.1 ಕಿಲೋ, ದೂರದಿಂದ ಮಾತನಾಡಿಸಿದವರಲ್ಲಿ 4.6 ಕಿಲೋ, ಉಳಿದವರಲ್ಲಿ 0.8 ಕಿಲೋ. ದೂರವಾಣಿಗೂ ಮುಖಾಮುಖಿಗೂ ನಡುವಿನ ವ್ಯತ್ಯಾಸ ಅರ್ಧ ಕಿಲೋ ಮಾತ್ರ. ಕರೆ ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಸಲಹೆಗಾರರು ಎಂಬುದನ್ನೂ ಗಮನಿಸಬೇಕು. ವೈದ್ಯರು ಪ್ರಗತಿಯ ವರದಿ ನೋಡಿ ಹುರಿದುಂಬಿಸುತ್ತಿದ್ದರು.

ನಮ್ಮ ದೇಶದ ಉದಾಹರಣೆ ಇನ್ನೂ ಮನನೀಯವಾಗಿದೆ. ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ತಂಡವು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಆಹಾರ ಮತ್ತು ನಡಿಗೆಯ ಸಲಹೆ ಪಡೆದವರನ್ನು ಆಗಾಗ ದೂರವಾಣಿಯಲ್ಲಿ ವಿಚಾರಿಸಲಾಗುತ್ತಿತ್ತು. ಸಲಹೆಯಿಲ್ಲದವರಲ್ಲಿ ನೂರಕ್ಕೆ 55 ಜನ ರೋಗಿಗಳಾದರೆ, ಸಲಹೆ ಪಡೆದವರಲ್ಲಿ 39 ಜನ. ಅಚ್ಚರಿಯೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಕಾಟಾದ ಮುಳ್ಳು ಅಲುಗದಿದ್ದರೂ ಒಳಗೆ ಲಾಭ ಜಮೆಯಾಗುತ್ತದೆಂದಾಯಿತು. ನನ್ನ ಹದಿನಾಲ್ಕು ತಿಂಗಳ ಲಾಭವಾದರೂ ಐದೂವರೆ ಕಿಲೋ ಮತ್ತು ಸೊಂಟದ ಏಳು ಸೆಂಟಿಮೀಟರು. ಜಾಹೀರಾತುಗಳಲ್ಲಿ ತಿಂಗಳಿಗೆ ಹತ್ತು ಕಿಲೋ ಇಳಿಸುವವರ ಮುಂದೆ ಇದು ನಗೆಪಾಟಲು. ಆದರೆ ಬಡ್ಡಿಯ ಲೆಕ್ಕ ಬಲ್ಲವರು ನಗಲಾರರು.

ತಂಬಾಕಿಗಾದರೆ ಭಾರತ ಸರಕಾರವು 2016ರಲ್ಲಿಯೇ ದೆಹಲಿಯಲ್ಲಿ ದೂರವಾಣಿ ಸಲಹಾ ಕೇಂದ್ರವನ್ನು ತೆರೆಯಿತು. 2018ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಕ್ಷಿಣದ ಭಾಷೆಗಳಲ್ಲಿಯೂ ದೊರೆಯುವಂತಾಯಿತು. ತಂಬಾಕು ಬೆಳೆದು ಹೆಸರಾದ ನಿಪ್ಪಾಣಿಯ ನೆರೆಯವರಾದ ನಾವು ಅದನ್ನು ಎಷ್ಟು ಉಪಯೋಗಿಸಿಕೊಂಡಿದ್ದೇವೆ ಎಂಬುದು ಬೇರೆ ಪ್ರಶ್ನೆ.

ಸ್ವಾಧ್ಯಾಯ ಮಂಡಳಿಯಲ್ಲಿ ಒಬ್ಬ ಹಿರಿಯರು ಒಂದು ಆಕ್ಷೇಪವೆತ್ತಿದರು. ತಪಸ್ಸು ಕರ್ಮನಿರ್ಜರೆಗೆ; ದೇಹದ ಸೌಖ್ಯಕ್ಕಾಗಿ ಉಣ್ಣುವುದನ್ನು ಕಡಿಮೆ ಮಾಡಿದರೆ ಅದು ಫಲಾಪೇಕ್ಷೆಯಾಯಿತು, ನಿದಾನವೆಂಬ ಶಲ್ಯವಾಯಿತಲ್ಲವೇ ಎಂದು. ಪ್ರಶ್ನೆ ಸಾಧಾರಣವಾದದ್ದಲ್ಲ. ನಾವು ಮಾಡುತ್ತಿರುವುದನ್ನು ತಪಸ್ಸೆಂದು ಕರೆದುಕೊಳ್ಳಬಾರದು ಎಂಬುದನ್ನು ನಾನು ಒಪ್ಪುತ್ತೇನೆ. ಅದು ಭೋಗೋಪಭೋಗ ಪರಿಮಾಣ, ಗೃಹಸ್ಥನ ವ್ರತ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಯಮ, ನಿಯಮ ಎಂದು ಭೇದ ಮಾಡಿದ್ದಾರೆ. ಯಮವು ಆಜೀವ ಪರ್ಯಂತ. ನಿಯಮಕ್ಕೆ ಕಾಲದ ಮಿತಿಯಿದೆ, ಒಂದು ಹಗಲು, ಒಂದು ಪಕ್ಷ, ಒಂದು ಮಾಸ, ಒಂದು ಋತು ಹೀಗೆ. ಮಂಗಳವಾರದಿಂದ ಮಂಗಳವಾರಕ್ಕೆ ನಡೆಯುವುದು ನಿಯಮವೇ. ಆಜೀವ ಸಿಹಿ ಬಿಟ್ಟೆನೆಂದು ಮುನಿಗಳ ಎದುರು ಆವೇಶದಲ್ಲಿ ಯಮ ತೆಗೆದುಕೊಂಡು ಮೂರನೆಯ ತಿಂಗಳು ಭಂಗ ಮಾಡಿಕೊಳ್ಳುವುದಕ್ಕಿಂತ ಏಳು ದಿನಗಳ ನಿಯಮವನ್ನು ಮತ್ತೆ ಮತ್ತೆ ಹೊಸದು ಮಾಡುವುದು ಶ್ರೇಯಸ್ಕರ.

ಅದೇ ಸಮಂತಭದ್ರರಿಗೆ ಭಸ್ಮಕ ವ್ಯಾಧಿ ತಗುಲಿತ್ತೆಂದು ಪರಂಪರೆ ಹೇಳುತ್ತದೆ. ಎಷ್ಟು ಉಂಡರೂ ತಣಿಯದ ಹಸಿವೆ. ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಕೊಡಲಿಲ್ಲ. ಮೊದಲು ರೋಗ ಗುಣಪಡಿಸಿಕೋ, ನಿನ್ನಿಂದ ಧರ್ಮಕಾರ್ಯ ಆಗಬೇಕಾಗಿದೆ ಎಂದರು. ಹಿರಿಯರಿಗೆ ನಾನು ಈ ಪ್ರಸಂಗವನ್ನು ನೆನಪಿಸಿದೆ. ಅವರು ಪೂರ್ತಿ ಒಪ್ಪಿದರೆಂದು ಹೇಳಲಾರೆ.

ಪರ್ವಕಾಲದ ಉಪವಾಸದ ಕುರಿತು ಮಾತ್ರ ಸಂದೇಹಕ್ಕೆ ಎಡೆಯಿಲ್ಲ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಜಾತಿಯ ಗುಳಿಗೆಯನ್ನಾಗಲಿ, ಇನ್ಸುಲಿನ್ ಅನ್ನಾಗಲಿ ತೆಗೆದುಕೊಳ್ಳುವವರು ಅದನ್ನು ಎಂದಿನಂತೆ ತೆಗೆದುಕೊಂಡು ನಿರಾಹಾರ ಇದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುತ್ತದೆ. ಬೆವರು, ನಡುಕ, ಪ್ರಜ್ಞೆ ತಪ್ಪುವಿಕೆ. ತಾವೇ ಗುಳಿಗೆ ಬಿಟ್ಟರೆ ಇನ್ನೊಂದು ಅಪಾಯ. ಭಾದ್ರಪದ ಶುಕ್ಲ ಪಂಚಮಿಗೆ ಎರಡು ವಾರ ಮೊದಲೇ ವೈದ್ಯರನ್ನು ಕೇಳಬೇಕು. ಅಂಥವರಿಗೆ ಏಕಾಶನವನ್ನೋ ರಸತ್ಯಾಗವನ್ನೋ ಸೂಚಿಸಿ ಬಸದಿಯಲ್ಲಿಯೂ ಅಷ್ಟೇ ಮನ್ನಣೆ ಕೊಟ್ಟರೆ, ಹೆಸರಿಗಾಗಿ ಪ್ರಾಣ ಪಣಕ್ಕಿಡುವುದು ತಪ್ಪುತ್ತದೆ. ಹತ್ತು ದಿನದ ಉಪವಾಸದಿಂದ ತೂಕ ಇಳಿಯುವುದು ನಿಜ, ಆದರೆ ಪಾರಣೆಯ ನಂತರದ ತಿಂಗಳಲ್ಲಿ ಅದು ಮರಳಿ ಬರುವುದೂ ಅಷ್ಟೇ ನಿಜ.

ಇನ್ನು ಸ್ತ್ರೀಯರ ವಿಚಾರ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಅಂಕಿಗಳ ಪ್ರಕಾರ ಹೊಟ್ಟೆಯ ಬೊಜ್ಜು ಪುರುಷರಲ್ಲಿ ನೂರಕ್ಕೆ 12, ಸ್ತ್ರೀಯರಲ್ಲಿ 40. ನಮ್ಮ ಮನೆಗಳಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆಯೆಂದು ನನಗೆ ತೋರುತ್ತದೆ. ಸೂರ್ಯಾಸ್ತದ ನಂತರ ಉಣ್ಣುವಂತಿಲ್ಲ, ಉಳಿದ ಅನ್ನದಲ್ಲಿ ಜೀವೋತ್ಪತ್ತಿಯಾಗುವುದರಿಂದ ಇಡುವಂತಿಲ್ಲ, ಚೆಲ್ಲುವುದೂ ಹಿಂಸೆ. ಹಾಗಾದರೆ ಸಂಜೆ ಆರಕ್ಕೆ ಪಾತ್ರೆಯಲ್ಲಿ ಉಳಿದದ್ದು ಎಲ್ಲಿ ಹೋಗುತ್ತದೆ? ಕಡೆಗೆ ಉಣ್ಣುವ ಸೊಸೆಯ, ಅತ್ತೆಯ ಹೊಟ್ಟೆಗೆ. ಅಹಿಂಸೆಯ ಪಾಲನೆಯನ್ನು ಮನೆಯ ಹೆಣ್ಣುಮಕ್ಕಳ ದೇಹದ ಮೇಲೆ ಹೊರಿಸಿ ನಾವು ನಿಶ್ಚಿಂತರಾಗಿದ್ದೇವೆ. ಪರಿಹಾರ ಸರಳ: ಅಳೆದು ಬೇಯಿಸುವುದು, ಮತ್ತು ಉಣ್ಣುವವರು ಎಷ್ಟು ರೊಟ್ಟಿ ಎಂದು ಮೊದಲೇ ಹೇಳುವುದು. ಆದರೆ ಆರೋಗ್ಯ ಕೇಂದ್ರದ ಕರೆ ಬರುವುದು ಗಂಡನ ಮೊಬೈಲಿಗೆ. ಅವನು ಸ್ಪೀಕರ್ ಹಚ್ಚಿ ನಡುಮನೆಯಲ್ಲಿ ಹಿಡಿದರೆ ಅವಳು ಏನು ಹೇಳಿಯಾಳು?

ನನಗೆ ಸಿಕ್ಕ ನಾಲ್ಕು ನಿಮಿಷ ಕಬ್ಬು ಕಡಿಯುವ ಹೆಣ್ಣುಮಗಳಿಗೆ ಸಲ್ಲಬೇಕಾದದ್ದೇನೋ ಎಂಬ ವಿಚಾರವೂ ಬಂದದ್ದುಂಟು. ಒಂದು ಉಪಕೇಂದ್ರದ ವ್ಯಾಪ್ತಿ ಸುಮಾರು ಐದು ಸಾವಿರ ಜನ. ಬಾಣಂತಿ, ಕೂಸು, ಲಸಿಕೆ, ಜ್ವರ ಎಲ್ಲವೂ ಅವಳ ಮೇಲೆಯೇ. ಪ್ರತಿಯೊಬ್ಬ ಸ್ಥೂಲಕಾಯ ಸಾಹುಕಾರನಿಗೂ ಅವಳು ಕರೆ ಮಾಡಲಾರಳು, ಮಾಡಲೂಬಾರದು. ಇಲ್ಲಿ ನಮ್ಮ ಟ್ರಸ್ಟುಗಳು ಕೈ ಹಾಕಬಹುದು. ನಮ್ಮೂರಿನ ಇಬ್ಬರು ನಿವೃತ್ತ ಶಿಕ್ಷಕಿಯರು ಆ ಅಧಿಕಾರಿಯಿಂದಲೇ ಎರಡು ದಿನ ಹೇಳಿಸಿಕೊಂಡು ಹನ್ನೆರಡು ಜನಕ್ಕೆ ವಾರದ ಕರೆ ಆರಂಭಿಸಿದ್ದಾರೆ. ಗುಳಿಗೆಯ ಮಾತು ಬಂದರೆ ತಾವು ಹೇಳದೆ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತಾರೆ. ಹನ್ನೆರಡರಲ್ಲಿ ಐವರು ನಮ್ಮ ಸಮಾಜದವರಲ್ಲ. ಬಸದಿಯ ಫಲಕದ ಮೇಲೆ ಇಳಿಸಿದವರ ಹೆಸರು ಬರೆಯೋಣ, ಬಹುಮಾನ ಕೊಡೋಣ ಎಂದು ಟ್ರಸ್ಟಿನ ಸಭೆಯಲ್ಲಿ ಒಂದು ಸೂಚನೆ ಬಂದಿತು. ಶಿಕ್ಷಕಿಯರೇ ಬೇಡವೆಂದರು. ಹೆಸರು ಬಂದವನಿಗೆ ಸಂತೋಷವಾದೀತು, ಬಾರದವನು ಮರುವಾರ ಕರೆಯನ್ನೇ ಎತ್ತಲಾರ ಎಂಬುದು ಅವರ ವಾದ. ಅವರ ಮೊಬೈಲಿನ ತಿಂಗಳ ಖರ್ಚನ್ನು ಟ್ರಸ್ಟು ಕೊಡುವುದೆಂದೂ, ಪಂಚಕಲ್ಯಾಣದ ಊಟದಲ್ಲಿ ಸಿಹಿಯನ್ನು ಕೇಳಿ ಬಡಿಸುವುದೆಂದೂ ಠರಾವಾಯಿತು. ಎರಡನೆಯದು ಜಾರಿಗೆ ಬರುವ ಬಗ್ಗೆ ನನಗೆ ಅನುಮಾನವಿದೆ. ಬಡಿಸುವವರು ನಮ್ಮ ಭಾಗದವರು.

ನನ್ನ ಮನೆಯವರಿಗೂ ಈಗ ಅವರದೇ ಮೊಬೈಲು ಇದೆ. ಗುರುವಾರ ಎರಡೂವರೆಗೆ ಶಿಕ್ಷಕಿಯೊಬ್ಬರ ಕರೆ ಬರುತ್ತದೆ. ಅವರು ಹಿತ್ತಲ ಕಟ್ಟೆಯ ಮೇಲೆ ಕುಳಿತು ಮಾತನಾಡುತ್ತಾರೆ, ಕೆಲವೊಮ್ಮೆ ನಗುವುದು ಕೇಳಿಸುತ್ತದೆ. ಅವರ ತೂಕ ಎಷ್ಟಾಗಿದೆಯೆಂದು ನನಗೆ ತಿಳಿದಿಲ್ಲ. ನಾನು ಕೇಳಿಯೂ ಇಲ್ಲ.